ಲಾಂಗ್ ರೈಡ್ ಮೇಷ್ಟ್ರು

ಕೋಲಾರದ ಬೈಕ್ ಶೋರೂಮುಗಳ ಸೇಲ್ಸ್ ಹುಡುಗರಿಗೆ ಒಬ್ಬ ಗಿರಾಕಿಯನ್ನು ಕಂಡ ಕೂಡಲೇ ಹಸಿವಾಗುತ್ತದೆ. ಬೆಳಗ್ಗೆ ಹತ್ತೂವರೆ ಆಗಿದ್ದರೂ ಸರಿ, "ಊಟಕ್ಕೆ ಹೋಗ್ಬರ್ತೀನಿ ಸಾರ್" ಎಂದು ಹಿಂಬಾಗಿಲಿಂದ ಜಾರುತ್ತಾರೆ. ಮುಂಬಾಗಿಲಿಂದ ಒಳಬರುವವರು ಲಾಂಗ್ ರೈಡ್ ಮೇಷ್ಟ್ರು. ಕಂಕುಳಲ್ಲಿ ಹೆಲ್ಮೆಟ್ಟು, ಜೇಬಿನಲ್ಲಿ ದರ್ಜಿಯ ಟೇಪು, ಕೈಯಲ್ಲಿ ಶಾಲೆಯ ಕರಿಹಲಗೆಯ ಮೇಲೆ ಬಳಸುವ ದೊಡ್ಡ ಮರದ ಕೋನಮಾಪಕ.

ಬೇರೆಯವರು ಬೈಕಿನ ಬೆಲೆ ಕೇಳುತ್ತಾರೆ, ಮೈಲೇಜು ಕೇಳುತ್ತಾರೆ. ಮೇಷ್ಟ್ರು ಕೋನ ಕೇಳುತ್ತಾರೆ. ಹ್ಯಾಂಡಲ್ಲು, ಸೀಟು, ಕಾಲಿಡುವ ಪೆಗ್ಗು, ಈ ಮೂರು ಬಿಂದು ಸೇರಿಸಿದರೆ ಒಂದು ತ್ರಿಕೋನವಾಗುತ್ತದಲ್ಲ, ಮನುಷ್ಯನ ಸುಖವೆಲ್ಲ ಅದರೊಳಗಿದೆ ಎಂಬುದು ಅವರ ಸಿದ್ಧಾಂತ. ಗಣಿತದ ಮೇಷ್ಟ್ರಾದ್ದರಿಂದ ಇದಕ್ಕೆ ಸಾಧನೆಯನ್ನೂ ಕೊಡುತ್ತಾರೆ. ಹ್ಯಾಂಡಲ್ಲು ತೀರಾ ಕೆಳಗಿದ್ದರೆ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಆದರೆ ವೇಗ ನೂರರ ಹತ್ತಿರ ಹೋದಾಗ ಎದುರುಗಾಳಿ ಎದೆಯನ್ನು ಎತ್ತಿ ಹಿಡಿಯುವುದರಿಂದ ಮಣಿಕಟ್ಟು ಹಗುರಾಗುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಸುಖ ಕೊಡುವ ಬೈಕು ಕೋಲಾರದ ಕ್ಲಾಕ್ ಟವರ್ ಹತ್ತಿರ ಕೈ ಮುರಿಯುತ್ತದೆ. ನೆಟ್ಟಗೆ ಕೂರಿಸುವ ಬೈಕಿನಲ್ಲಿ ಮಣಿಕಟ್ಟು ಉಳಿಯಿತು, ಸರಿ; ಹಳ್ಳಕ್ಕೆ ಬಿದ್ದಾಗಿನ ಏಟು ನೇರ ಬೆನ್ನುಮೂಳೆಗೆ. ಮೆತ್ತನೆಯ ಸೀಟಂತೂ ಮೋಸ. "ಶೋರೂಮಿನಲ್ಲಿ ಕೂತಾಗ ಸೋಫಾ, ನಂಗಲಿ ದಾಟೋಷ್ಟರಲ್ಲಿ ಹಲಗೆ. ಫೋಮು ಕುಸೀತದೆ ಸಾರ್. ಸ್ವಲ್ಪ ಗಟ್ಟಿ ಇದ್ರೇನೇ ದೂರಕ್ಕೆ ಒಳ್ಳೇದು." ಒಂದೇ ಸಿಲಿಂಡರಿನ ಬೈಕು ನಡುಕ ಕೊಟ್ಟು ಬೆರಳು ಜೋಮು ಹಿಡಿಸುತ್ತದೆ ಎಂದು ದೂರುತ್ತಾರೆ. ಎರಡು ಸಿಲಿಂಡರಿನ ಇಂಟರ್‌ಸೆಪ್ಟರ್ 650 ತೋರಿಸಿದರೆ ನಡುಕದ ಸುದ್ದಿಯನ್ನೇ ಎತ್ತದೆ, "ಟ್ಯಾಂಕು 13.7 ಲೀಟರ್ ಅಷ್ಟೇನಾ?" ಎಂದು ಮುಖ ಕಿವುಚುತ್ತಾರೆ. ಇದಿಷ್ಟೂ ನಿಜವಾದ ಮಾತೇ ಎನ್ನುವುದು ಈ ಪ್ರಕರಣದ ದುರಂತ. ಮೇಷ್ಟ್ರು ಸುಳ್ಳು ಹೇಳುವವರಾಗಿದ್ದರೆ ಎಂದೋ ಒಂದು ಬೈಕು ಕೊಂಡುಬಿಡುತ್ತಿದ್ದರು.

ಸದ್ಯಕ್ಕೆ ಅವರ ಹತ್ತಿರ ಇರುವುದು 97.2 ಸಿಸಿಯ ಸ್ಪ್ಲೆಂಡರು. ಮನೆ ಕೋಲಾರದಲ್ಲಿ, ಶಾಲೆ ಮುಳಬಾಗಿಲಿನಲ್ಲಿ. ಹೋಗಲು ಮೂವತ್ತು ಕಿಲೋಮೀಟರ್, ಬರಲು ಮೂವತ್ತು. ಎಂಟನೇ ಕ್ಲಾಸಿನಲ್ಲಿ ದೂರ-ಕಾಲದ ಲೆಕ್ಕ ನಡೆಯುತ್ತಿದ್ದಾಗ ಹಿಂದಿನ ಬೆಂಚಿನ ಪೋರನೊಬ್ಬ ಎದ್ದು ನಿಂತು, "ಸಾರ್, ದಿನಕ್ಕೆ 60 ಕಿಲೋಮೀಟರ್, ವರ್ಷಕ್ಕೆ 220 ದಿನ ಸ್ಕೂಲು. 13,200 ಆಯ್ತು. ಲಡಾಖ್‌ಗೆ ಹೋಗಿಬರಕ್ಕೆ ಆರೂವರೆ ಸಾವಿರ ಅಂತ ನೀವೇ ಹೇಳಿದ್ರಿ. ಅಂದ್ರೆ ನೀವು ವರ್ಷಾ ವರ್ಷಾ ಎರಡು ಸಲ ಲಡಾಖ್‌ಗೆ ಹೋಗಿಬತ್ತಿದ್ದೀರ" ಅಂದ. ಲೆಕ್ಕ ಸರಿಯಾಗಿತ್ತು. ಮೇಷ್ಟ್ರು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿ, "ಅದು ಲಾಂಗ್ ರೈಡ್ ಅಲ್ಲಪ್ಪ. ಅದು ಅಟೆಂಡೆನ್ಸು" ಎಂದು ಒರೆಸಿಬಿಟ್ಟರು.

ಭಾನುವಾರ ಮಾತ್ರ ಅವರ ದರ್ಬಾರು. 2023ರ ಆಗಸ್ಟ್ 1ರಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶ ನಿಂತಿತಲ್ಲ, ಬೆಂಗಳೂರಿನವರ ಮುಖ ನಮ್ಮ ಕಡೆ ತಿರುಗಿದ್ದು ಅದರಿಂದಲೇ ಎಂದು ಮೇಷ್ಟ್ರು ವಾದಿಸುತ್ತಾರೆ. ನನಗೆ ಇದರಲ್ಲಿ ಮುಳಬಾಗಿಲು ದೋಸೆಯ ಕೈವಾಡವೇ ಹೆಚ್ಚು ಕಾಣುತ್ತದೆ. ಕಾರಣ ಏನೇ ಇರಲಿ, ಬೆಳಗಿನ ಎಂಟಕ್ಕೆ ದೋಸೆ ಹೋಟೆಲಿನ ಮುಂದೆ ಬೈಕುಗಳ ಸಾಲು ನಿಂತಿರುತ್ತದೆ: ಹಯಬುಸಾ, ನಿಂಜಾ 1000ಎಸ್ಎಕ್ಸ್, ಅಪರೂಪಕ್ಕೊಮ್ಮೆ ಬಿಎಂಡಬ್ಲ್ಯೂ ಆರ್ 1250 ಆರ್‌ಟಿ. ಕೊನೆಯದರ ತೂಕ 279 ಕಿಲೋ, ಟ್ಯಾಂಕು 25 ಲೀಟರ್, ಗಾಳಿತಡೆ ಗಾಜು ಗುಂಡಿ ಒತ್ತಿದರೆ ಮೇಲೇಳುತ್ತದೆ. ಒಂದು ಖಂಡ ದಾಟಿಸಲೆಂದು ಕಟ್ಟಿದ ವಾಹನ, ನೂರು ಕಿಲೋಮೀಟರ್ ಆಚೆಯ ದೋಸೆಗೆ ಬಂದು ನಿಂತಿದೆ. ಸವಾರ ಸೊಂಟ ಹಿಡಿದುಕೊಂಡು ಇಳಿಯುತ್ತಾನೆ. ಮೇಷ್ಟ್ರು ಹತ್ತಿರ ಹೋಗಿ, ಕೈ ಕುಲುಕುವುದಕ್ಕೂ ಮೊದಲು, "ನಿಮ್ಮ ಒಳಗಾಲಿನ ಅಳತೆ ಎಷ್ಟು ಸಾರ್?" ಎಂದು ಕೇಳುತ್ತಾರೆ. ಬೆಂಗಳೂರಿನವರು ಬೆಚ್ಚಿಬೀಳುತ್ತಾರೆ. ಮೇಷ್ಟ್ರ ಉದ್ದೇಶ ಶುದ್ಧವಾದದ್ದು: ನಿಂಜಾದ ಸೀಟು ನೆಲದಿಂದ 835 ಮಿಲಿಮೀಟರ್, ಅವರ ಒಳಗಾಲು 735. ಉಳಿದ ನೂರು ಮಿಲಿಮೀಟರ್‌ಗೆ ಜನ ಏನು ಮಾಡುತ್ತಾರೆ ಎನ್ನುವುದು ಅವರ ಸಂಶೋಧನೆ. ಹೋಟೆಲಿನವನು ಒಳಗಿಂದ, "ಮೇಷ್ಟ್ರೇ, ನಿಮ್ ದೋಸೆ ಆರೋಯ್ತು" ಎಂದು ಕೂಗುತ್ತಾನೆ. ದಪ್ಪಗೆ, ತುಪ್ಪ ಕುಡಿದು ಮಲಗಿದ ಆ ದೋಸೆ ಆರಿದರೆ ಅದಕ್ಕಿಂತ ದೊಡ್ಡ ನಷ್ಟ ಈ ಲೋಕದಲ್ಲಿ ಕಡಿಮೆ. ಅದೇ ಹೊತ್ತಿಗೆ ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡ ಟಿವಿಎಸ್ ಎಕ್ಸ್ಎಲ್ ಒಂದು ಕೋಲಾರದ ಎಪಿಎಂಸಿ ಕಡೆಗೆ ಹೋಗುತ್ತದೆ. ಓಡಿಸುವವನಿಗೆ ಸೀಟಿನಲ್ಲಿ ಸಿಕ್ಕಿರುವುದು ನಾಲ್ಕು ಬೆರಳಿನಷ್ಟು ಜಾಗ. ಅವನ ತ್ರಿಕೋನವನ್ನು ಮೇಷ್ಟ್ರು ಇದುವರೆಗೆ ಅಳೆದಿಲ್ಲ.

ಬೈಕಿನ ನಿಜವಾದ ಪರೀಕ್ಷಾಧಿಕಾರಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಮೇಷ್ಟ್ರ ಹೆಂಡತಿಯ ತವರು ಶ್ರೀನಿವಾಸಪುರ. ಮಾವಿನ ಕಾಲದಲ್ಲಿ ಅಲ್ಲಿಂದ ಬರಿಗೈಯಲ್ಲಿ ಬಂದವರು ಇತಿಹಾಸದಲ್ಲೇ ಇಲ್ಲ. ಒಮ್ಮೆ ಆಕೆಯನ್ನೂ ಬೆಂಗಳೂರಿನ ದೊಡ್ಡ ಬೈಕುಗಳ ಶೋರೂಮಿಗೆ ಕರೆದುಕೊಂಡು ಹೋದರು. ಆಕೆ ಸೀರೆಯ ನೆರಿಗೆ ಹಿಡಿದು, ಏಣಿಯಿಲ್ಲದೆ ಅಟ್ಟ ಹತ್ತಿದ ಹಾಗೆ ಹಿಂದಿನ ಸೀಟು ಏರಿ, ಸುತ್ತ ನೋಡಿ, "ಸೀರೆ ಗಾರ್ಡು ಎಲ್ಲಿ?" ಎಂದರು. ಹುಡುಗ ನಕ್ಕ. ಮೇಷ್ಟ್ರು ನಗಲಿಲ್ಲ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಲ್ಲಿ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಜಾಗ, ಹಿಂದಿನ ಚಕ್ರದ ಅರ್ಧಕ್ಕೆ ಮರೆ ಇರಬೇಕೆಂದಿದೆ ಎಂದು ಬಾಯಿಪಾಠ ಒಪ್ಪಿಸಿದರು. ಆಕೆ ಮುಂದುವರಿಸಿದರು. "ಹಣ್ಣಿನ ಬುಟ್ಟಿ ಎಲ್ಲಿಡೋದು?" ಪಕ್ಕದ ಪ್ಯಾನಿಯರ್ ಪೆಟ್ಟಿಗೆ ತೋರಿಸಿದರು. "ಇದರ ಕೆಳಗಡೆ ಇರೋದು ಸೈಲೆನ್ಸರ್ರಾ? ಬಾದಾಮಿ ಬೆಂದೋಗಲ್ವಾ?" ಮೇಷ್ಟ್ರು ನೋಟ್‌ಬುಕ್ ತೆಗೆದು ಹೊಸ ಕಾಲಮ್ಮು ಗೀಚಿದರು. ಮೇಲ್ಗಡೆ ಬರೆದ ಶೀರ್ಷಿಕೆ: 'ಮಾವು'. ಅಲ್ಲಿಯವರೆಗೆ ಮುಂದಿದ್ದ ಎಷ್ಟೋ ಬೈಕುಗಳು ಆ ಕಾಲಮ್ಮಿನಲ್ಲಿ ಸೊನ್ನೆ ಸುತ್ತಿದವು.

ಇಷ್ಟಾದರೂ ಅವರು ಒಂದು ಸಲ ದಡ ಮುಟ್ಟಿದ್ದರು. ಹಿಮಾಲಯನ್ 450 ಎಂದು ತೀರ್ಮಾನವಾಗಿತ್ತು. 452 ಸಿಸಿ, 17 ಲೀಟರ್ ಟ್ಯಾಂಕು, ಕೋನಗಳೂ ಒಪ್ಪಿಗೆ. ಸೀಟು 825 ಮಿಲಿಮೀಟರ್ ಆದ್ದರಿಂದ ತುದಿಗಾಲಲ್ಲಿ ನಿಲ್ಲುವ ಅಭ್ಯಾಸವನ್ನು ಸ್ಟಾಫ್ ರೂಮಿನಲ್ಲೇ ಶುರುಮಾಡಿದ್ದರು. ಮುಂಗಡ ಕೊಡಲು ಒಳ್ಳೆಯ ದಿನ ನೋಡುತ್ತಿರುವಾಗ ಜಿಎಸ್‌ಟಿ ಬದಲಾಯಿತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ 28 ಇದ್ದ ತೆರಿಗೆ 18ಕ್ಕೆ ಇಳಿಯಿತು. ಅದಕ್ಕೂ ಮೇಲಿನದಕ್ಕೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಬೇರೆಯವರಾಗಿದ್ದರೆ ಬೇಸರಪಡುತ್ತಿದ್ದರು. ಮೇಷ್ಟ್ರ ಮುಖದಲ್ಲಿ ಬೇಸಿಗೆ ರಜೆ ಘೋಷಣೆಯಾದ ಕಳೆ. "ಎಲ್ಲಾ ಮೊದಲಿಂದ ನೋಡ್ಬೇಕು ಸಾರ್" ಎಂದು ಹೊಸ ನೋಟ್‌ಬುಕ್ಕಿಗೆ ರಟ್ಟು ಹಾಕಿದರು. ಈಗ 349 ಸಿಸಿಯ ಮೀಟಿಯರ್ ಮೇಲೆ ಅಧ್ಯಯನ ನಡೆದಿದೆ. ಸೀಟು ಕೆಳಗೇ ಇದೆ, ಕಾಲು ಮುಂದಕ್ಕೆ ಚಾಚಿಕೊಂಡಿದೆ, ಆದರೆ ಹಾಗೆ ಚಾಚಿದಾಗ ಭಾರವೆಲ್ಲ ಬಾಲದ ಮೂಳೆಗೆ ಬೀಳುತ್ತದಂತೆ.

ಸಲಹೆ ಕೇಳಿಬರುವವರಿಗೆ ಮಾತ್ರ ಮೇಷ್ಟ್ರು ಒಂದೇ ಸಂಜೆಯಲ್ಲಿ ತೀರ್ಪು ಕೊಡುತ್ತಾರೆ. ಮಾಲೂರಿನ ಕಡೆಯ ಹೂವಿನ ತೋಟದ ಹುಡುಗ, ಅವರ ಹಳೆಯ ಶಿಷ್ಯ, ಒಂದು ದಿನ ಬಂದು ನಿಂತ. ಬಿಎಂಡಬ್ಲ್ಯೂ ಜಿ 310 ಜಿಎಸ್ ಹಳೆಯದೊಂದು ಸಿಗುತ್ತದೆ, ಜರ್ಮನಿ ಬೈಕು, ತೊಗೊಳ್ಳಲಾ ಎಂದ. "ಯಾವ ಜರ್ಮನಿಯಪ್ಪಾ? ಹೊಸೂರಿನ ಟಿವಿಎಸ್ ಕಾರ್ಖಾನೇಲಿ ಮಾಡಿದ್ದು. ನಿಮ್ಮ ತೋಟದಿಂದ ಜೋರಾಗಿ ಕೂಗಿದ್ರೆ ಅಲ್ಲಿ ಕೇಳಿಸ್ತದೆ" ಎಂದರು. ಟೇಪು ಹಿಡಿದು ಅವನ ಕಾಲು, ತೋಳು, ಬೆನ್ನು ಅಳೆದರು. ಹಿಮಾಲಯನ್ ತೊಗೊ, ಸೀಟಿನ ಫೋಮು ಬದಲಾಯಿಸು, ಹ್ಯಾಂಡಲ್ಲಿಗೆ ರೈಸರ್ ಹಾಕಿಸು, ಒಂದೂವರೆ ಗಂಟೆಗೊಮ್ಮೆ ಇಳಿದು ನಡಿ ಎಂದು ಚೀಟಿ ಬರೆದುಕೊಟ್ಟರು. ಹುಡುಗ ಕೊಂಡ, ಮರುವರ್ಷ ಜೂನಿನಲ್ಲಿ ಹೊರಟೂಬಿಟ್ಟ.

ಖರ್ದುಂಗ್ ಲಾದ ಹಳದಿ ಬೋರ್ಡಿನ ಮುಂದೆ ಬೈಕಿನ ಮೇಲೆ ಕೂತು ತೆಗೆಸಿದ ಫೋಟೋ ಸ್ಟಾಫ್ ರೂಮಿಗೆ ಬಂತು. ಹಿಂದೆ ಹಿಮದ ಗುಡ್ಡ, ಬಣ್ಣದ ಬಾವುಟಗಳು. ಮೇಷ್ಟ್ರುಗಳೆಲ್ಲ ಮೊಬೈಲನ್ನು ಕೈಯಿಂದ ಕೈಗೆ ದಾಟಿಸಿದರು. ಹೆಡ್‌ಮಾಸ್ಟರಂತೂ, "ನಿಮ್ಮ ಶಿಷ್ಯ ಕಣ್ರೀ, ನೋಡ್ರೀ" ಎಂದು ಬೆನ್ನು ತಟ್ಟಿದರು. ನಮ್ಮವರು ಮೊಬೈಲು ತೆಗೆದುಕೊಂಡು, ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ಪರದೆಯ ಮೇಲೆ ಕೋನಮಾಪಕ ಇಟ್ಟರು.

"ಮೊಣಕೈ ನೋಡಿ ಸಾರ್. ಹತ್ತು ಡಿಗ್ರಿ ಆಚೀಚೆ ಆಗಿದೆ. ರೈಸರ್ ಹಾಕಿಸಿಲ್ಲ ಬಡ್ಡೀಮಗ."