ಒಂದು ಚುಕ್ಕೆಗೆ 12 ಗುಂಟೆ

ಕನ್ನಡ ಪತ್ರಿಕೆಗಳಲ್ಲಿ ಪ್ರತಿ ತಿದ್ದುವ ಮಿತ್ರರಿಗೆ ಕೊಲ್ಹಾರದಿಂದ ನಮಸ್ಕಾರ.

ನಿಮ್ಮಲ್ಲಿ ಹಲವರು ಇಂಗ್ಲಿಷ್ ಶೈಲಿ ಕೈಪಿಡಿಗಳನ್ನು ಅರೆದು ಕುಡಿದವರು. ಪಟ್ಟಿಯ ಕೊನೆಯ ಹೆಸರಿಗೆ ಮುಂಚೆ ಅಲ್ಪವಿರಾಮ ಬೇಕೋ ಬೇಡವೋ, ಪೂರ್ಣವಿರಾಮ ಉದ್ಧರಣ ಚಿಹ್ನೆಯ ಒಳಗೋ ಹೊರಗೋ ಎಂದು ಗಂಟೆಗಟ್ಟಲೆ ವಾದಿಸುತ್ತೀರಿ. ಇಂಗ್ಲಿಷಿಗೆ ಆ ವಾದ ಬೇಕೇಬೇಕು. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೇರಿಯ ಚಾಲಕರು ಓವರ್‌ಟೈಮ್ ಕೂಲಿ ಕೇಳಿ ಕೋರ್ಟು ಹತ್ತಿದಾಗ ಅವರ ಕೈ ಹಿಡಿದದ್ದು ಕಾಯ್ದೆಯ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಒಂದು ಅಲ್ಪವಿರಾಮ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು.

ಕನ್ನಡದ ನಡೆ ಬೇರೆ. ‘ಬಂದಳೇ’ ಎಂದಾಗಲೇ ಪ್ರಶ್ನೆ ಕೇಳಿ ಆಯಿತು. ‘ಅಕ್ಕನೂ ತಂಗಿಯೂ’ ಎಂದಮೇಲೆ ‘ಮತ್ತು’ ಬೇಡ. ಆಡಿದ ಮಾತು ಎಲ್ಲಿಗೆ ಮುಗಿಯಿತೆಂದು ‘ಅಂತ’ ತೋರಿಸುತ್ತದೆ. ನಮ್ಮ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ವಚನದ ತಾಳೆಗರಿಗಳನ್ನು ಬಿಡಿಸಿ ಓದುವಾಗ ಅಲ್ಲಿ ಇಂದಿನ ವಿರಾಮ ಚಿಹ್ನೆ ಹಾಗಿರಲಿ, ಪದಗಳ ನಡುವೆ ತೆರಪೂ ಇರಲಿಲ್ಲ. ವಚನ ಮುಗಿಯಿತೆಂದು ಹೇಳಲು ಅಂಕಿತ ಇತ್ತು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದದ್ದು ಆ ಕಣ್ಣಿನ ದುಡಿಮೆಯಿಂದ. ನಿಮ್ಮ ಕಸುಬಿನ ಹಿರಿಯರೆಂದರೆ ಅವರು.

ಹಾಗೆಂದು ನಮಗೆ ಚಿಹ್ನೆಗಳ ಹಂಗಿಲ್ಲವೆಂದಲ್ಲ. ಅವು ಜೀವ ಹಿಡಿದ ಜಾಗದಲ್ಲಿ ನಿಮ್ಮ ಕಣ್ಣು ಬೀಳುತ್ತಿಲ್ಲ ಎಂಬುದೇ ನನ್ನ ತಕರಾರು. ಆ ಜಾಗ ಭೂಮಿಯ ಸುದ್ದಿ. ನಮ್ಮ ಹಳೆಯ ಕೊಲ್ಹಾರ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಅಣೆಕಟ್ಟೆಯ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಕೃಷ್ಣಾ ದಂಡೆಯ ಇನ್ನಷ್ಟು ಹೊಲಗಳು ಮುಳುಗಡೆಯಾಗುತ್ತವೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಖುಷ್ಕಿ ಭೂಮಿಗೆ ಎಕರೆಗೆ 30 ಲಕ್ಷ, ನೀರಾವರಿ ಭೂಮಿಗೆ 40 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು.

ಈಗ ಹೊಲದ ಉತಾರ, ಅಂದರೆ ಪಹಣಿ, ಕೈಗೆತ್ತಿಕೊಳ್ಳಿ. ಅಲ್ಲಿ 4.20 ಎಂದಿದ್ದರೆ ನಾಲ್ಕು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ನಾಲ್ಕೂವರೆ ಎಕರೆ. ಅದೇ ಚುಕ್ಕೆಯನ್ನು ದಶಮಾಂಶವೆಂದು ಓದಿದರೆ ನಾಲ್ಕು ಎಕರೆ ಎಂಟೇ ಗುಂಟೆ. 12 ಗುಂಟೆ ಮಾಯ! ಖುಷ್ಕಿಯಾದರೆ 9 ಲಕ್ಷ, ನೀರಾವರಿಯಾದರೆ 12 ಲಕ್ಷ ರೂಪಾಯಿ. ವರದಿಗಾರ ‘4-20’ ಎಂದು ಕಳಿಸಿದ್ದನ್ನು ಅಂದಕ್ಕೆಂದು ‘4.20’ ಮಾಡುವವರಿಗೆ ಈ ಲೆಕ್ಕ ಗೊತ್ತಿರಬೇಕು.

ಸರ್ವೆ ನಂಬರಿನದೂ ಇದೇ ಪಾಡು. ‘112/1, 2, 3’ ಎಂದು ಅಚ್ಚಾದರೆ ಹೋಗುವುದು 112ರ ಮೂರು ಹಿಸ್ಸೆಗಳೋ, ಅದರ ಒಂದೇ ಹಿಸ್ಸೆಯ ಜೊತೆ 2 ಮತ್ತು 3ನೇ ನಂಬರಿನ ಹೊಲಗಳೋ? ‘112/1, 112/2, 112/3’ ಎಂದು ಪೂರ್ತಿ ಬರೆದರೆ ಯಾರ ಮನೆಯಲ್ಲೂ ಆ ರಾತ್ರಿ ನಿದ್ದೆ ಕೆಡುವುದಿಲ್ಲ.

ಇನ್ನು ಭೂಸ್ವಾಧೀನದ ಪ್ರಕಟಣೆಗಳ ವಾಕ್ಯ. ‘ಸದರಿ ಜಮೀನು ಮುಳುಗಡೆ ವ್ಯಾಪ್ತಿಯಲ್ಲಿದ್ದು, ಅವಶ್ಯವಾಗಿದ್ದು, ತಕರಾರು ಇದ್ದಲ್ಲಿ’ ಎಂದು ಇದ್ದು, ಇದ್ದು ಅನ್ನುತ್ತ ಅರ್ಧ ಪುಟ ಸಾಗಿದರೂ ಪೂರ್ಣವಿರಾಮದ ಸುಳಿವಿಲ್ಲ. ಆಕ್ಷೇಪಣೆ ಸಲ್ಲಿಸುವ ಗಡುವು ಅದರ ಹೊಟ್ಟೆಯೊಳಗೆಲ್ಲೋ ಹೂತಿರುತ್ತದೆ. ಓದು ಬಾರದ ಅಜ್ಜ ಚಹದಂಗಡಿಯಲ್ಲಿ ಯಾರಿಂದಲೋ ಅದನ್ನು ಓದಿಸುತ್ತಾನೆ. ಓದುವವನ ಉಸಿರು ಕಟ್ಟುತ್ತದೆ, ಕೇಳುವವನಿಗೆ ತಾರೀಖು ದಕ್ಕುವುದಿಲ್ಲ.

ಪ್ರಕಟಣೆಯ ಒಕ್ಕಣೆ ನಿಮ್ಮ ಕೈಲಿಲ್ಲ, ಸುದ್ದಿ ಇದೆ. ಭೂಮಿಯ ಸುದ್ದಿ ಬಂದಾಗ ಗಡುವಿಗೆ ಒಂದು ಪ್ರತ್ಯೇಕ ವಾಕ್ಯ ಕೊಡಿ. ಎಕರೆ, ಗುಂಟೆ ಎಂಬ ಪದಗಳನ್ನು ಅಂಕಿಯ ಪಕ್ಕದಲ್ಲೇ ಹಾಕಿ. ಅನುಮಾನ ಬಂದರೆ ವರದಿಗಾರನಿಗೆ ಫೋನು ಮಾಡಿ ಉತಾರ ನೋಡಿ ಹೇಳಲು ಕೇಳಿ, ಪುಟ ಅಚ್ಚಿಗೆ ಹೋಗುವ ಮುಂಚೆ.

ಇಂತಿ,
ಕೊಲ್ಹಾರದ ಓದುಗ