ದುಡ್ಡು ಕೊಟ್ಟವನ ಮೇಲೇ ಗುಮಾನಿ

ಪ್ರಾಮಾಣಿಕನಾಗಿರಲು ಮೊಬೈಲ್ ಸಿಗ್ನಲ್ ಬೇಕು ಎಂಬುದು ನನಗೆ ಗೊತ್ತಾದದ್ದು ಹಾಗಲವಾಡಿಯ ನಮ್ಮ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ. ತಂಗಿಯ ಮಗ ದಸರಾ ರಜೆಗೆ ಬಂದಿದ್ದ. ಬೆಂಗಳೂರಿನಲ್ಲಿ ಬೆಳೆದ ಹುಡುಗ. ಅಪ್ಪ ಹುಟ್ಟುಹಬ್ಬಕ್ಕೆ ಕೊಟ್ಟ ದುಡ್ಡನ್ನು ಖರ್ಚು ಮಾಡದೆ ಇಟ್ಟುಕೊಂಡು, ರಿಯಾಯಿತಿ ಮಾರಾಟ ಬರುವ ತನಕ ಕಾದು, ಒಂದು ಗೇಮ್ ಕೊಂಡಿದ್ದ. ಕೊಂಡದ್ದು ನಿಜ, ರಸೀದಿ ಇರುವುದು ನಿಜ, ಹತ್ತಾರು ಜಿಬಿ ಆಟ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಕೂತಿರುವುದೂ ನಿಜ. ಆಡಲು ಹೋದರೆ ಮಾತ್ರ ‘ಸರ್ವರ್ ಸಂಪರ್ಕ ಸಿಗುತ್ತಿಲ್ಲ’ ಅಂತ ಪರದೆಯ ಮೇಲೆ ಬರುತ್ತಿತ್ತು.

“ಒಬ್ಬನೇ ಆಡೋ ಆಟ ಮಾವ. ಇನ್ನೊಬ್ಬರ ಜೊತೆ ಆಡೋದೇ ಅಲ್ಲ.”

“ಮತ್ತೆ ಇಂಟರ್‌ನೆಟ್ ಯಾಕೋ?”

“ನಾನು ಕದ್ದಿಲ್ಲ ಅಂತ ಅವರು ನೋಡ್ಕೋಬೇಕಂತೆ.”

ಕಡಲೆಕಾಯಿ ಬಿಡಿಸುತ್ತ ಕೂತಿದ್ದ ನಮ್ಮಮ್ಮ ಇದನ್ನು ಕೇಳಿಸಿಕೊಂಡು, “ದುಡ್ಡು ಇಸ್ಕೊಂಡಿರೋರು ಅವರು, ಕಳ್ಳ ನೀನಾ?” ಅಂದರು. ಈ ವಿಷಯದ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲ ಆ ಒಂದು ಮಾತಿಗೆ ಬರೆದ ಟಿಪ್ಪಣಿಯಂತೆಯೇ ಇತ್ತು.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ತಾರಸಿಯಲ್ಲಿ, ಅದೂ ಟ್ಯಾಂಕಿನ ಮೂಡಣ ಮೂಲೆಯಲ್ಲಿ. ಹುಡುಗ ಫೋನನ್ನು ಟ್ಯಾಂಕಿನ ಮುಚ್ಚಳದ ಮೇಲೆ ಇಟ್ಟು, ಹಾಟ್‌ಸ್ಪಾಟ್ ಹಾಕಿ, ಬಿಸಿಲಿಗೆ ಪರದೆ ಕಾಣುವುದಿಲ್ಲವೆಂದು ಕೊಡೆ ಬಿಚ್ಚಿ ಕೂತ. ಕತ್ತಿ ಹಿಡಿದ ವೀರನೊಬ್ಬ ಗೋಡೆಯಿಂದ ಗೋಡೆಗೆ ನೆಗೆಯುತ್ತಿದ್ದ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ವೀರ ನೆಗೆದವನು ಕೆಳಕ್ಕೂ ಬೀಳದೆ ಆ ಕಡೆಗೂ ಮುಟ್ಟದೆ ನಡುಗಾಳಿಯಲ್ಲಿ ನಿಂತುಬಿಟ್ಟ. ಅವನು ತನ್ನ ಪ್ರಾಮಾಣಿಕತೆಯ ದೃಢೀಕರಣ ಪತ್ರಕ್ಕೆ ಕಾಯುತ್ತಿದ್ದನಂತೆ.

ಎದುರುಮನೆಯ ಹುಡುಗ ಅದೇ ಆಟವನ್ನು ಪೆನ್‌ಡ್ರೈವಿನಲ್ಲಿ ಗುಬ್ಬಿಯಿಂದ ತಂದಿದ್ದ. ಸಿಗ್ನಲ್ ಬೇಡ, ಟ್ಯಾಂಕ್ ಬೇಡ, ಕೊಡೆ ಬೇಡ. ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಕೂತು, ಕರೆಂಟ್ ಹೋದರೂ ಬ್ಯಾಟರಿ ಮೇಲೆ ಆಡುತ್ತಿದ್ದ. ತಾರಸಿಯ ಮೇಲಿನ ನಮ್ಮ ಹುಡುಗನನ್ನು ನೋಡಿ ಕನಿಕರದಿಂದ ಕೇಳಿದ: “ನಿಮ್ದು ಒರಿಜಿನಲ್ಲಾ? ಪಾಪ.”

ಆ ‘ಪಾಪ’ಕ್ಕೆ ಹಳೆಯ ಇತಿಹಾಸವಿದೆ. ತೊಂಬತ್ತರ ದಶಕದಲ್ಲಿ ತುಮಕೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಮೊದಲು ಆಡಿದ್ದು ‘ಪ್ರಿನ್ಸ್ ಆಫ್ ಪರ್ಷಿಯಾ’. ಜೋರ್ಡನ್ ಮೆಕ್‌ನರ್ 1989ರಲ್ಲಿ ಮಾಡಿದ ಆಟ. ಅದರ ಡಾಸ್ ಆವೃತ್ತಿಯಲ್ಲಿ ಮೊದಲನೆಯ ಹಂತ ದಾಟಿದ ಕೂಡಲೇ ಒಂದು ಕೋಣೆ. ಅಲ್ಲಿ ಸಾಲಾಗಿ ಶೀಸೆಗಳು, ಒಂದೊಂದಕ್ಕೆ ಒಂದೊಂದು ಅಕ್ಷರ. ಆಟದ ಜೊತೆ ಬಂದ ಪುಸ್ತಕದಲ್ಲಿ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಶೀಸೆ ಕುಡಿಯಬೇಕು. ಪುಸ್ತಕ ಇಲ್ಲದವನು ಕಳ್ಳ. ತಪ್ಪು ಶೀಸೆ ಕುಡಿದರೆ ಜೀವಕ್ಕೆ ಪೆಟ್ಟು. ಕೇಂದ್ರದಲ್ಲಿದ್ದದ್ದು ಫ್ಲಾಪಿ ಮಾತ್ರ. ಪುಸ್ತಕ ಅಲ್ಲಿನ ಮೇಷ್ಟ್ರೂ ಕಂಡಿರಲಿಲ್ಲ. ಇಡೀ ಬ್ಯಾಚು ಶೀಸೆ ಕುಡಿದು ಕುಡಿದು ಸತ್ತಿತು. ಆಮೇಲೆ ಯಾರೋ ಬೀಗ ಬಿಚ್ಚಿದ ಫ್ಲಾಪಿ ತಂದರು. ಆ ಕೋಣೆಯ ಕಾಟವೇ ಹೋಯಿತು. ಪುಸ್ತಕ ಕೊಂಡು ಎಲ್ಲೋ ಕಳೆದುಕೊಂಡವನ ಗತಿ ಏನು ಅಂತ ಮಾತ್ರ ಯಾರೂ ಕೇಳಲಿಲ್ಲ.

ಅದಕ್ಕೂ ಹಿಂದೆ, 1985ರಲ್ಲಿ, ಬ್ರಿಟನ್ನಿನಲ್ಲಿ ‘ಇಲೈಟ್’ ಆಟದ, ಸ್ಪೆಕ್ಟ್ರಮ್ ಎಂಬ ಕಂಪ್ಯೂಟರಿನ ಕ್ಯಾಸೆಟ್ಟಿನ ಜೊತೆ ಲೆನ್ಸ್‌ಲಾಕ್ ಎಂಬ ಪ್ಲಾಸ್ಟಿಕ್ ಮಸೂರ ಕೊಡುತ್ತಿದ್ದರು. ಟಿವಿಯ ಮೇಲೆ ಕಲಸುಮೇಲೋಗರವಾಗಿ ಕಾಣುವ ಅಕ್ಷರಗಳನ್ನು ಅದರ ಮೂಲಕ ಓದಿ ಟೈಪಿಸಬೇಕು. ಟಿವಿ ತೀರ ದೊಡ್ಡದಿದ್ದರೆ ಅಕ್ಷರ ಕೂಡುತ್ತಿರಲಿಲ್ಲ, ತೀರ ಸಣ್ಣದಿದ್ದರೂ ಇಲ್ಲ. ಕೆಲವು ಡಬ್ಬಿಗಳಿಗೆ ಬೇರೆ ಆಟದ ಮಸೂರವನ್ನೇ ಹಾಕಿ ಕಳಿಸಿದ್ದರು. ಆ ಗಿರಾಕಿಗಳಿಗೆ ತಾವು ಕಳ್ಳರಲ್ಲ ಎಂದು ತೋರಿಸಿಕೊಳ್ಳಲು ಯಾವ ದಾರಿಯೂ ಇರಲಿಲ್ಲ.

ಇಂಟರ್‌ನೆಟ್ ಬಂದ ಮೇಲೆ ಅನುಮಾನಕ್ಕೆ ರೆಕ್ಕೆ ಬಂತು. 2008ರ ‘ಸ್ಪೋರ್’ ಆಟವನ್ನು ಮೂರು ಸಲ ಮಾತ್ರ ಸಕ್ರಿಯ ಮಾಡಿಕೊಳ್ಳಬಹುದು ಅಂತ ನಿಯಮ ಇಟ್ಟರು. ನಮ್ಮ ಕಡೆ ಸಿಡಿಲಿಗೆ ಒಂದು ಸಲ, ವೈರಸ್ಸಿಗೆ ಒಂದು ಸಲ ಕಂಪ್ಯೂಟರ್ ಫಾರ್ಮ್ಯಾಟ್ ಆಗುತ್ತದೆ. ಒಂದೇ ಮಳೆಗಾಲಕ್ಕೆ ಕೋಟಾ ಮುಗಿಯಿತು. ಕೊಂಡವರು ಅಮೆಜಾನ್‌ನಲ್ಲಿ ಒಂದೊಂದು ಸ್ಟಾರ್ ಕೊಟ್ಟು ಸಿಟ್ಟು ತೀರಿಸಿಕೊಂಡರು. ಆ ವರ್ಷ ಅತಿ ಹೆಚ್ಚು ಜನ ಕದ್ದು ಇಳಿಸಿಕೊಂಡ ಆಟಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಅದಕ್ಕೇ ಸಿಕ್ಕಿತು. 2013ರ ಮಾರ್ಚಿನಲ್ಲಿ ಬಂದ ‘ಸಿಮ್‌ಸಿಟಿ’ಯಲ್ಲಿ ನೀವೇ ಊರು ಕಟ್ಟುವ ಮೇಯರ್. ಆದರೆ ಸರ್ವರ್ ತುಂಬಿಹೋಗಿದೆ, ಮೇಯರ್ ಸಾಹೇಬರು ಸಾಲಿನಲ್ಲಿ ನಿಲ್ಲಬೇಕು! ಇಂಟರ್‌ನೆಟ್ ಇಲ್ಲದೆ ಈ ಆಟ ನಡೆಯುವುದೇ ಸಾಧ್ಯವಿಲ್ಲ ಎಂದು ಕಂಪನಿಯಿಂದ ಸಮಜಾಯಿಷಿ ಬಂತು. ವರ್ಷ ಕಳೆಯುವಷ್ಟರಲ್ಲಿ ಇಂಟರ್‌ನೆಟ್ ಇಲ್ಲದೆ ಆಡುವ ವ್ಯವಸ್ಥೆಯನ್ನು ಅದೇ ಕಂಪನಿ ಕೊಟ್ಟಿತು.

ನನಗೆ ಎಲ್ಲಕ್ಕಿಂತ ರುಚಿಸಿದ ಕಥೆ ‘ಮ್ಯಾನ್‌ಹಂಟ್’ನದು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ಕೊಂಡ ರಾಕ್‌ಸ್ಟಾರ್ ಇದೆಯಲ್ಲ, ಅದೇ ರಾಕ್‌ಸ್ಟಾರಿನ ಹಳೆಯ ಆಟ ಅದು. (ಇದರಲ್ಲಿ ನಮ್ಮ ಬೆಂಗಳೂರಿನವರ ಕೈವಾಡ ಏನೂ ಇಲ್ಲ.) ಅದನ್ನು ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗೆ ಇಡುವಾಗ ಅದರ ಹಳೇ ಬೀಗ ಅಡ್ಡ ಬಂತು. ಹಿಂದೆ ಆ ಬೀಗ ಮುರಿದಿದ್ದ ಕಳ್ಳರ ಗುಂಪಿನ ಪ್ರತಿಯೇ ಅಂಗಡಿಗೆ ಹೋಯಿತು. ಆಟದೊಳಗೆ ಇನ್ನೊಂದು ಗುಪ್ತ ಬೀಗ ಇತ್ತು. ಕದ್ದ ಪ್ರತಿ ಅಂತ ಅನುಮಾನ ಬಂದರೆ ಆಟದ ಗೇಟುಗಳು ತೆರೆಯದಂತೆ ಮಾಡುವ ಬೀಗ. ದುಡ್ಡು ಕೊಟ್ಟು, ಕಂಪನಿಯಿಂದಲೇ ಕೊಂಡವರು ಗೇಟಿನ ಮುಂದೆ ನಿಂತರು. ಕಂಪನಿ ತನ್ನನ್ನೇ ಕಳ್ಳ ಎಂದು ಹಿಡಿದುಕೊಂಡಿತ್ತು.

ಬೀಗವೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ವರ್ಷಗಟ್ಟಲೆ ದುಡಿದು ಆಟ ಮಾಡಿದವರಿಗೆ ಮೊದಲ ವಾರಗಳ ವ್ಯಾಪಾರವೇ ಜೀವಾಳ. ಕದ್ದವನಿಗೆ ಮಾತ್ರ ತಾಗುವ ಉಪಾಯಗಳೂ ಉಂಟು. ‘ಗೇಮ್ ಡೆವ್ ಟೈಕೂನ್’ ಮಾಡಿದವರು 2013ರಲ್ಲಿ ಕಳ್ಳಪ್ರತಿಯನ್ನು ತಾವೇ ಹಂಚಿದರು. ಅದರಲ್ಲಿ ಆಡುವವನು ಗೇಮ್ ಕಂಪನಿ ನಡೆಸಬೇಕು, ಆ ಕಂಪನಿ ಪೈರಸಿಯಿಂದ ದಿವಾಳಿಯಾಗುತ್ತದೆ. ಕದ್ದು ಆಡಿದವರೇ ‘ಈ ಪೈರಸಿ ತಡೆಯುವುದು ಹೇಗೆ?’ ಅಂತ ಗೋಳಾಡಿದರು. ಶಿಕ್ಷೆ ಅಂದರೆ ಹೀಗಿರಬೇಕು.

ಕಾನೂನೇನು ಮೆತ್ತಗಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕರ್ನಾಟಕದ ಗೂಂಡಾ ಕಾಯ್ದೆಗೆ 2014ರ ತಿದ್ದುಪಡಿಯಲ್ಲಿ ‘ಡಿಜಿಟಲ್ ಅಪರಾಧಿ’ಗಳೂ ಸೇರಿದರು. ಕಳ್ಳಭಟ್ಟಿಯವರು, ಜೂಜುಕೋರರ ಸಾಲಿನಲ್ಲಿ ಈಗ ಅವರಿಗೂ ಜಾಗವಿದೆ. ದುಡ್ಡು ಇಸಕೊಂಡು ಬಾಗಿಲು ಹಾಕಿಕೊಂಡವರಿಗೆ ಯಾವ ಕಲಮು ಎಂದು ಹುಡುಕಿದೆ. ಕಣ್ಣಿಗೆ ಬೀಳಲಿಲ್ಲ.

ಬಾಗಿಲು ಹಾಕಿಕೊಳ್ಳುವುದೂ ಈಗ ಸಲೀಸು. 2015ರಲ್ಲಿ ಬಂದ ವಿಂಡೋಸ್ 10, ಸೇಫ್‌ಡಿಸ್ಕ್ ಎಂಬ ಹಳೇ ಬೀಗದಿಂದ ಅಪಾಯವಿದೆ ಎಂದು ಅದನ್ನು ಹೊರಗಿಟ್ಟಿತು. ನನ್ನ ಬೀರುವಿನಲ್ಲಿ ಅಂಥದೊಂದು ಅಸಲಿ ಸಿಡಿ ಇದೆ. ಹೊಳೆಯುವ ಸ್ಟಿಕರ್, ರಟ್ಟಿನ ಹಿಂಬದಿಗೆ ಸೊನ್ನೆ ಯಾವುದು ‘ಓ’ ಯಾವುದು ಗೊತ್ತಾಗದ ಉದ್ದನೆಯ ಕೀ, ಒಂದು ಗೀರೂ ಇಲ್ಲದ ತಟ್ಟೆ. ಎಲ್ಲ ಸರಿಯಾಗಿದೆ, ಆಟ ಮಾತ್ರ ಏಳುವುದಿಲ್ಲ. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ತನ್ನ ‘ದಿ ಕ್ರೂ’ ಕಾರ್ ಓಟದ ಸರ್ವರ್ ಆರಿಸಿತು. ಒಬ್ಬರೇ ಕಾರು ಓಡಿಸುತ್ತೇವೆ ಎಂದವರಿಗೂ ರಸ್ತೆ ಬಂದ್. ಇದನ್ನು ನೋಡಿ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಅರ್ಜಿಗೆ 2025ರ ಜುಲೈನಲ್ಲಿ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ದಾರಿಯೇ ಇಲ್ಲವೆಂದಲ್ಲ. ನಮ್ಮ ಪಕ್ಕದ ಚೇಳೂರಿನ ಸಿದ್ದು ಹಲಸು ನೋಡಿ. ಕೆಂಪು ತೊಳೆಯ ಆ ಹಲಸಿನ ತಾಯಿಮರ ಇರುವುದು ರೈತ ಎಸ್.ಎಸ್. ಪರಮೇಶ್ ಅವರ ಜಮೀನಿನಲ್ಲಿ, ಹೆಸರು ಅವರ ತಂದೆ ಸಿದ್ದಪ್ಪನವರದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ, ಕಸಿ ಗಿಡ ಮಾರಿ ಬಂದ ಹಣದ ಬಹುಪಾಲು ರೈತರಿಗೇ ಸೇರುವಂತೆ ಒಪ್ಪಂದ ಮಾಡಿಕೊಂಡಿತು. ಕಸಿ ಕಟ್ಟಲು ಬಲ್ಲವನಿಗೆ ಹಲಸನ್ನು ನಕಲು ಮಾಡುವುದು ಸಿಡಿ ನಕಲು ಮಾಡಿದಷ್ಟೇ ಸುಲಭ. ಆದರೂ ಗಿಡ ಕೊಂಡವನು ಹಣ್ಣು ಕೊಯ್ಯುವ ಮುಂಚೆ ಹೆಸರಘಟ್ಟಕ್ಕೆ ಫೋನ್ ಮಾಡಿ ‘ಕದ್ದಿಲ್ಲ ಸ್ವಾಮಿ’ ಎನ್ನಬೇಕಿಲ್ಲ. ಪೋಲೆಂಡಿನವರು 2008ರಲ್ಲಿ ತೆರೆದ ಗಾಗ್ ಅಂಗಡಿಯದೂ ಇದೇ ರೀತಿ: ದುಡ್ಡು ಕೊಡಿ, ಆಟ ನಿಮ್ಮದು, ಬೀಗ ಇಲ್ಲ. ಅವರದೇ ಬಳಗದ ‘ವಿಚರ್ 3’ ಅಲ್ಲಿ ಮೊದಲ ದಿನದಿಂದಲೂ ಬೀಗವಿಲ್ಲದೆ ಸಿಕ್ಕಿತು. ಎಲ್ಲ ಅಂಗಡಿಗಳ ಲೆಕ್ಕ ಸೇರಿ 5 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ.

ಸ್ಟೀಮ್ ಅಂಗಡಿ 2024ರ ಅಕ್ಟೋಬರ್‌ನಿಂದ ದುಡ್ಡು ಕಟ್ಟುವ ಪುಟದಲ್ಲೇ, ನೀವು ಪಡೆಯುತ್ತಿರುವುದು ಪರವಾನಗಿ ಮಾತ್ರ ಎಂದು ಬರೆಯುತ್ತಿದೆ. ಅಷ್ಟಾದರೂ ಹೇಳಿದರಲ್ಲ. ಊರಿನ ಮಕ್ಕಳಿಗೆ ಆಟ ಕೊಡಿಸುವ ಅಪ್ಪಂದಿರೆ, ಮಾವಂದಿರೆ, ಚಿತ್ರ ನೋಡಿ ಮರುಳಾಗಬೇಡಿ. ‘ಸದಾ ಇಂಟರ್‌ನೆಟ್ ಸಂಪರ್ಕ ಬೇಕು’ ಎಂಬ ಸಾಲು ಎಲ್ಲಾದರೂ ಸಣ್ಣಕ್ಷರದಲ್ಲಿದೆಯೇ ಮೊದಲು ನೋಡಿ. ಇದ್ದರೆ ಅದೇ ದುಡ್ಡಿಗೆ ಒಂದು ಕೇರಂ ಬೋರ್ಡ್ ಕೊಡಿಸಿ. ಪೌಡರ್ ಡಬ್ಬಿ ಮರೆಯಬೇಡಿ.