ಎಡಗೈಯ ಮೇಲ್ವಿಚಾರಕರಿಗೆ

ಮಾನ್ಯ ಫಿಟ್‌ನೆಸ್ ಬ್ಯಾಂಡ್ ಅವರಿಗೆ,

ತಾವು ನನ್ನ ಮಣಿಕಟ್ಟಿನಲ್ಲಿ ವಿರಾಜಮಾನರಾದಂದಿನಿಂದ ಹೊಟ್ಟೆಯೊಂದನ್ನು ಬಿಟ್ಟು ನನ್ನದೆಲ್ಲವೂ ಶಿಸ್ತಿಗೆ ಬಂದಿದೆ.

ಮೊನ್ನೆ ಬೆಳಿಗ್ಗೆ ನಾಲಾಸೋಪಾರಾದಲ್ಲಿ ಹತ್ತಿದ ಚರ್ಚ್‌ಗೇಟ್ ಫಾಸ್ಟ್ ಲೋಕಲ್‌ನಲ್ಲಿ ನನ್ನ ಬಲಗೈ ಹಿಡಿಕೆಗೆ ಜೋತುಬಿದ್ದಿತ್ತು. ತಾವಿರುವ ಎಡಗೈ ಒಬ್ಬರ ಬ್ಯಾಗಿಗೂ ಇನ್ನೊಬ್ಬರ ಬೆನ್ನಿಗೂ ನಡುವೆ ಸಿಕ್ಕಿಕೊಂಡಿತ್ತು. ಮೂಗು ತುರಿಸಿದರೂ ಸಹಿಸಿಕೊಳ್ಳಬೇಕು. ಆಗ ತಾವು ಝುಮ್ಮೆಂದಿರಿ: ‘ತುಂಬ ಹೊತ್ತಿನಿಂದ ಕುಳಿತಿದ್ದೀರಿ, ಎದ್ದು ಸ್ವಲ್ಪ ಓಡಾಡಿ.’ ಕುಳಿತಿದ್ದೇನೆ! ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವನಾಗಿ ಅರ್ಧ ಕುಂಡೆ ಊರುವುದಕ್ಕೂ ಇಲ್ಲಿ ಪುಣ್ಯ ಬೇಕು ಸ್ವಾಮಿ. ತಮ್ಮ ತಪ್ಪೇನಿಲ್ಲ ಬಿಡಿ. ಕೈ ಅಲುಗಿತೇ ಇಲ್ಲವೇ ಎಂಬುದಷ್ಟೇ ತಮ್ಮ ಸೆನ್ಸರ್‌ಗೆ ಗೊತ್ತು; ಕೈ ನೋಡಿ ಕಾಲಿನ ಲೆಕ್ಕ ಬರೆಯುವ ಗುಮಾಸ್ತರು ತಾವು.

ದಿನಕ್ಕೆ 10,000 ಹೆಜ್ಜೆ ಎಂಬ ತಮ್ಮ ಆಜ್ಞೆ ವೈದ್ಯಕೀಯ ಸಂಶೋಧನೆಯಿಂದ ಹುಟ್ಟಿದ್ದಲ್ಲವಂತೆ. ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ದುಂಡು ಸಂಖ್ಯೆ ಅದು. ಇನ್ನು 2016ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ತಮ್ಮ ವಂಶದ ಮಾನವನ್ನೇ ಕಳೆದರು. 471 ಯುವಜನರಿಗೆ ಎರಡು ವರ್ಷ ಪಥ್ಯ, ವ್ಯಾಯಾಮ ಹೇಳಿಕೊಟ್ಟು, ಅರ್ಧದಷ್ಟು ಮಂದಿಯ ತೋಳಿಗೆ ತಮ್ಮ ದಾಯಾದಿಗಳನ್ನು ಕಟ್ಟಿದರು. ಕಟ್ಟಿಕೊಂಡವರು ಸರಾಸರಿ 3.5 ಕಿಲೋ ಇಳಿದರು; ಕಟ್ಟಿಕೊಳ್ಳದವರು 5.9 ಕಿಲೋ.

ನನಗಂತೂ ಆಶ್ಚರ್ಯವಾಗಲಿಲ್ಲ. ಗುರಿ ಮುಟ್ಟಿತೆಂದು ತಾವು ಪರದೆಯ ಮೇಲೆ ಪಟಾಕಿ ಹಾರಿಸಿದ ಸಂಜೆ, ದಾದರ್‌ನ ಆಫೀಸಿನಿಂದ ನೇರ ಮಾಟುಂಗಾದ ಉಡುಪಿ ಹೋಟೆಲಿಗೆ ನಡೆಯುತ್ತೇನೆ. ಗೋಳಿಬಜೆ, ಮೇಲೊಂದು ತುಪ್ಪದ ದೋಸೆ. ಅಲ್ಲಿಗೆ ಹೋಗುವ ಹೆಜ್ಜೆಗಳನ್ನೂ ತಾವು ನನ್ನ ಪುಣ್ಯದ ಖಾತೆಗೇ ಜಮಾ ಮಾಡುತ್ತೀರಿ. ಪ್ರಾಮಾಣಿಕರು!

ನಿದ್ರೆ ಸಾಲದು, ಬೇಗ ಮಲಗಿ ಎಂದು ದಿನವೂ ಬೈಯುತ್ತೀರಿ. ರಾತ್ರಿ ಹತ್ತಕ್ಕೆ ಮನೆ ಸೇರಿ ಉಣ್ಣುವವನು, ನಸುಕಿನಲ್ಲಿ ಎದ್ದು ಡಬ್ಬಿ ಹಿಡಿದು ಓಡುವವನು ಎಷ್ಟು ಬೇಗ ಮಲಗಿಯಾನು? ಈ ಉಪದೇಶವನ್ನು ನನ್ನ ಆಫೀಸಿಗೂ, ದಾದರ್‌ನ ಒಂದು ಖೋಲಿಗೆ ನನ್ನ ಇಡೀ ಸಂಬಳ ಕೇಳುವ ಮನೆ ಮಾಲೀಕರಿಗೂ ರವಾನಿಸುವ ಬಟನ್ ತಮ್ಮಲ್ಲಿದೆಯೇ?

ಇಲ್ಲದಿದ್ದರೆ ಒಂದು ಸಣ್ಣ ಬಿನ್ನಹ. ಸಂಜೆ ದಾದರ್‌ನಲ್ಲಿ ವಿರಾರ್ ಗಾಡಿ ಹತ್ತುವಾಗ ನನ್ನ ಎದೆಬಡಿತ ಏರುತ್ತದಲ್ಲ, ಅದನ್ನು ‘ಒತ್ತಡ’ ಎಂದು ಬರೆಯಬೇಡಿ. ‘ಕುಸ್ತಿ’ ಎಂದು ಬರೆದುಕೊಳ್ಳಿ. ಕ್ಯಾಲೊರಿಯನ್ನು ಧಾರಾಳವಾಗಿ ಕಳೆಯಿರಿ.

ಇತಿ ತಮ್ಮ ಆಜ್ಞಾಧಾರಕ,
ಪಶ್ಚಿಮ ರೈಲ್ವೆಯ ಒಬ್ಬ ಪಾಸುದಾರ